ಹಳ್ಳದ ಮರ ಹೋದ ಮೇಲೆ ನೀಲಿ ಗಿಳಿಗೆ ಮನೆಯೆಲ್ಲಿ?

ಬ್ರೆಜಿಲ್ ಅಂದ ಕೂಡಲೇ ನಮಗೆ ಅಮೆಜಾನ್ ಕಾಡು ನೆನಪಾಗುತ್ತದೆ. ಆದರೆ ಆ ದೇಶದ ಈಶಾನ್ಯದಲ್ಲಿ ಕಾಟಿಂಗಾ ಎಂಬ ಬರದ ಸೀಮೆಯೂ ಇದೆ. ಎಲ್ಲೆಲ್ಲೂ ಮುಳ್ಳುಗಿಡ, ಕಳ್ಳಿ. ಹಳ್ಳಗಳು ಹರಿಯುವುದು ಮಳೆ ಬಂದಾಗ ಮಾತ್ರ. ಸ್ಪಿಕ್ಸ್ ಮಕಾವ್ ಎಂಬ ಅಪರೂಪದ ನೀಲಿ ಗಿಳಿಯ ತವರು ಇದೇ.

1819ರಲ್ಲಿ ಜರ್ಮನಿಯ ವಿಜ್ಞಾನಿ ಯೋಹಾನ್ ಸ್ಪಿಕ್ಸ್, ಸಾವೊ ಫ್ರಾನ್ಸಿಸ್ಕೊ ನದಿಯ ಹತ್ತಿರ ಈ ಹಕ್ಕಿಯ ಮಾದರಿ ಸಂಗ್ರಹಿಸಿದರು. ಅವರ ಹೆಸರೇ ಹಕ್ಕಿಗೆ ಉಳಿಯಿತು. ಮೈ ನೀಲಿ, ತಲೆ ಬೂದು, ಬಾಲ ಸೇರಿ ಉದ್ದ ಸುಮಾರು ಒಂದೂಕಾಲು ಮೊಳ.

ಇದು ಗೂಡು ಮಾಡುವುದು ಹಳ್ಳದ ದಂಡೆಯ ಹಳೆಯ ಕರೈಬೇರಾ ಮರಗಳ ಪೊಟರೆಯಲ್ಲಿ. ಈ ಮರ ನಮಗೂ ಗೊತ್ತು. ಬೆಂಗಳೂರಿನ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಬೇಬುಯಾ ಮರಗಳಲ್ಲಿ ಒಂದು ಜಾತಿ ಇದೇ.

ವಲಸೆ ಬಂದು ನೆಲೆಸಿದವರು ಹೊಲಕ್ಕೆ, ಮರಮುಟ್ಟಿಗೆ ಈ ಮರಗಳನ್ನು ಕಡಿದರು. ಉಳಿದ ಕಡೆ ಆಡು, ದನಗಳು ಸಸಿಗಳನ್ನು ಮೇಯ್ದವು. ಮುದಿ ಮರ ಬಿದ್ದರೆ ಅದರ ಜಾಗಕ್ಕೆ ಎಳೆ ಮರ ಬರಲಿಲ್ಲ. ಹಕ್ಕಿ ಕಡಿಮೆಯಾದಷ್ಟೂ ಅದರ ಬೆಲೆ ಏರಿತು. ಕಳ್ಳ ವ್ಯಾಪಾರಿಗಳು ಗೂಡಿನ ಮರಿಗಳನ್ನೂ ಬಿಡಲಿಲ್ಲ.

1990ರಲ್ಲಿ ಹುಡುಕಿದಾಗ ಕುರಾಸಾ ಪಟ್ಟಣದ ಬಳಿ ಸಿಕ್ಕಿದ್ದು ಒಂದೇ ಒಂದು ಗಂಡು. ತನ್ನ ಜಾತಿಯ ಜೊತೆ ಸಿಗದೆ ಅದು ಬೇರೆ ಜಾತಿಯ ಮಕಾವ್ ಹೆಣ್ಣಿನೊಂದಿಗೆ ಜೋಡಿಯಾಗಿತ್ತು. ಸುತ್ತಲಿನ ಊರಿನವರು ಅದರ ಮೇಲೆ ಕಣ್ಣಿಟ್ಟು ಕಾದರು. 1995ರಲ್ಲಿ ಪಂಜರದಲ್ಲಿದ್ದ ಒಂದು ಹೆಣ್ಣನ್ನು ತಂದು ಬಿಟ್ಟರು. ಕೆಲವೇ ವಾರಗಳಲ್ಲಿ ಅದು ಕಾಣೆಯಾಯಿತು. 2000ದ ಅಕ್ಟೋಬರ್ ನಂತರ ಆ ಗಂಡೂ ಕಾಣಲಿಲ್ಲ.

ಸಂತತಿ ಉಳಿದದ್ದು ಪಂಜರಗಳಲ್ಲಿ. ಅಲ್ಲಿದ್ದ ಹಕ್ಕಿಗಳಿಂದಲೇ ಮರಿ ಮಾಡಿಸಿ, 2020ರ ಮಾರ್ಚ್‌ನಲ್ಲಿ 52 ಹಕ್ಕಿಗಳನ್ನು ಜರ್ಮನಿಯಿಂದ ಕುರಾಸಾಗೆ ತಂದರು. 2022ರ ಜೂನ್‌ನಲ್ಲಿ 8 ಹಕ್ಕಿಗಳನ್ನು ಹೊರಗೆ ಬಿಟ್ಟರು. ಕಾಡಿನ ರೀತಿ ಕಲಿಯಲಿ ಎಂದು ಇನ್ನೊಂದು ಜಾತಿಯ ಮಕಾವ್‌ಗಳನ್ನೂ ಜೊತೆಗೆ ಕಳಿಸಿದರು. ಮುಂದೆ ಬಯಲಲ್ಲೇ ಮರಿಗಳು ಹುಟ್ಟಿದವು. 2025ರಲ್ಲಿ ವೈರಸ್ ಸೋಂಕು ಕಾಣಿಸಿಕೊಂಡು ಮತ್ತೆ ಆತಂಕ ಶುರುವಾಯಿತು.

ಮೊಟ್ಟೆಯಿಂದ ಮರಿಯಾಗಲು ಒಂದು ತಿಂಗಳೂ ಬೇಡ. ಪೊಟರೆ ಬೀಳುವಷ್ಟು ದಪ್ಪ ಮರಕ್ಕೆ ತಲೆಮಾರುಗಳೇ ಬೇಕು. ಆದ್ದರಿಂದ ಹಕ್ಕಿ ಬಿಟ್ಟರಷ್ಟೇ ಸಾಲದು. ಹಳ್ಳದ ದಂಡೆಯ ಸಸಿಗಳಿಗೆ ಆಡು ಬಾಯಿ ಹಾಕದಂತೆ ಕಾಯುವ ಕೆಲಸವೂ ಅಷ್ಟೇ ದೊಡ್ಡದು. ಅದನ್ನು ಮಾಡಬೇಕಾದವರು ಅಲ್ಲಿನ ರೈತರು, ಆಡು ಕಾಯುವವರೇ.