ಅರಸು ಕೊಟ್ಟ ಜಮೀನು, ಇಂದಿರಮ್ಮನಿಗೆ ಹೋದ ಓಟು

ಹೋದ ಬೇಸಿಗೆಯಲ್ಲಿ ಊರಿನ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ಕಬ್ಬಿಣದ ಟ್ರಂಕು ಸಿಕ್ಕಿತು. ಒಳಗೆ ಒಂದಿಷ್ಟು ಜಾತಕ, ಸೊಸೈಟಿ ಸಾಲದ ರಸೀದಿಗಳು, ಅವುಗಳ ಕೆಳಗೆ ನಾಲ್ಕಾಗಿ ಮಡಿಸಿಟ್ಟ ಭೂ ನ್ಯಾಯಮಂಡಳಿಯ ಆದೇಶ. ಮಡಿಕೆ ಇದ್ದಲ್ಲೆಲ್ಲ ಹರಿದಿದೆ, ಆದರೂ ಸರ್ವೆ ನಂಬರು, ಅಜ್ಜನ ಹೆಸರು ಓದಲು ಬರುತ್ತದೆ. ಸಾಗರ ಸೀಮೆಯ ಆ ಎರಡು ಎಕರೆ ಗದ್ದೆಯನ್ನು ಅಜ್ಜ, ಅವರಪ್ಪ ಎಲ್ಲ ಗೇಣಿಗೆ ಮಾಡಿಕೊಂಡು ಬಂದವರು. ಪ್ರತಿ ವರ್ಷ ಒಡೆಯರ ಮನೆಗೆ ಭತ್ತ ಅಳೆದು ಕೊಟ್ಟು ಉಳಿದದ್ದರಲ್ಲಿ ಬದುಕಿದವರು. ಆ ಕಾಗದ ಬಂದ ದಿನದಿಂದ ಗದ್ದೆ ನಮ್ಮದಾಯಿತು.

ತಮಾಷೆ ಏನೆಂದರೆ, ಅದೇ ಮನೆಯ ಜಗಲಿಯ ಗೋಡೆಯ ಮೇಲೆ ದೇವರಾಜ ಅರಸರ ಫೋಟೋ ಯಾವತ್ತೂ ಇರಲಿಲ್ಲ. ಇದ್ದದ್ದು ಇಂದಿರಾ ಗಾಂಧಿಯವರದ್ದು, ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಅಜ್ಜಿಯ ಕೆಲಸ ಅದು. ನಾನು ಹೈಸ್ಕೂಲಿನಲ್ಲಿದ್ದಾಗಲೂ ಈ ವಿಷಯಕ್ಕೆ ಅವರಿಬ್ಬರಿಗೂ ಜಗಳ ಆಗುತ್ತಿತ್ತು.

"ಜಮೀನು ಕೊಟ್ಟಿದ್ದು ಅರಸು ಕಣೇ."

"ಅರಸುನ ನೀವು ಕಂಡಿದೀರಾ? ಕೈ ಅಂದ್ರೆ ಇಂದ್ರಮ್ಮ. ಕೊಟ್ಟಿದ್ದೂ ಇಂದ್ರಮ್ಮನೇ."

1980ರಲ್ಲಿ ಅಜ್ಜ ಅರಸು ಪಕ್ಷಕ್ಕೆ ಓಟು ಹಾಕಿದ್ದರಂತೆ. ಯಾವ ಗುರುತಿಗೆ ಅಂತ ಕೇಳಿದರೆ ಅವರಿಗೇ ನೆನಪಿರಲಿಲ್ಲ! ಅಜ್ಜಿಗೆ ಮಾತ್ರ ತಾನು ಕೈಗೆ ಒತ್ತಿದ್ದು ಸಾಯುವವರೆಗೂ ನೆನಪಿತ್ತು.

ಆಗ ನಗು ಬರುತ್ತಿತ್ತು. ಈಗ ಯೋಚಿಸಿದರೆ, ಒಂದು ಪಕ್ಷ ಅಧಿಕಾರಕ್ಕೆ ಬರುವಷ್ಟು ಬಲ ಪಡೆಯುವುದು ಎಲ್ಲಿಂದ ಅನ್ನುವ ಪ್ರಶ್ನೆಗೆ ನಮ್ಮ ಜಗಲಿಯಲ್ಲೇ ಅರ್ಧ ಉತ್ತರ ಇತ್ತು ಅನ್ನಿಸುತ್ತದೆ.

ಸಾಮಾನ್ಯವಾಗಿ ನಾವು ಲೆಕ್ಕ ಹಾಕುವುದು ಶಾಸಕರದ್ದು. ಯಾರ ಕಡೆ ಎಷ್ಟು ಜನ, ಯಾರು ಯಾವ ರೆಸಾರ್ಟಿನಲ್ಲಿ... ಆದರೆ ಶಾಸಕರೇ ಪಕ್ಷದ ಬಲ ಅನ್ನುವ ಲೆಕ್ಕ ನಮ್ಮ ರಾಜ್ಯದಲ್ಲಿ ಹತ್ತೇ ವರ್ಷದಲ್ಲಿ ಎರಡು ಸಲ ತಲೆಕೆಳಗಾಗಿದೆ. ಎರಡೂ ಕಥೆಯಲ್ಲಿ ಅರಸು ಇದ್ದಾರೆ. ಒಮ್ಮೆ ಗೆದ್ದ ಕಡೆ, ಒಮ್ಮೆ ಸೋತ ಕಡೆ.

ಮೊದಲನೆಯದು 1969. ಕಾಂಗ್ರೆಸ್ ಒಡೆದು ಎರಡಾಯಿತು. ಅಖಿಲ ಭಾರತ ಅಧ್ಯಕ್ಷರಾಗಿದ್ದವರು ನಮ್ಮ ನಿಜಲಿಂಗಪ್ಪನವರೇ, ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಇಬ್ಬರೂ ಸಂಸ್ಥಾ ಕಾಂಗ್ರೆಸ್ ಕಡೆ ನಿಂತರು. ಬಹುಪಾಲು ಶಾಸಕರೂ ಅವರ ಜೊತೆಗಿದ್ದರು. ಇಂದಿರಾ ಕಡೆಗೆ ಇಲ್ಲಿ ಹೊಸದಾಗಿ ಪಕ್ಷ ಕಟ್ಟಲು ನಿಂತವರು ಹುಣಸೂರಿನ ದೇವರಾಜ ಅರಸು. ವಿಧಾನಸೌಧದಲ್ಲಿ ಕುಳಿತವರಿಗೆ ಅದು ದೊಡ್ಡ ಸವಾಲು ಅನ್ನಿಸಿರಲಿಕ್ಕಿಲ್ಲ. 1971ರ ಲೋಕಸಭೆ ಚುನಾವಣೆ ಬಂತು. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. 1972ರ ವಿಧಾನಸಭೆಯಲ್ಲಿ 216ರಲ್ಲಿ 165. ಅರಸು ಮುಖ್ಯಮಂತ್ರಿಯಾದರು.

ಆಮೇಲಿನ ಎಂಟು ವರ್ಷದಲ್ಲಿ ಅವರು ಮಾಡಿದ್ದು ಕಡಿಮೆ ಏನಲ್ಲ. 1974ರ ಭೂ ಸುಧಾರಣೆ ತಿದ್ದುಪಡಿಯಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಏಳನೇ ನಂಬರಿನ ಫಾರಂ ತುಂಬಿ ಹಕ್ಕು ಕೇಳಬಹುದು ಅಂತಾಯಿತು. ಅದನ್ನು ತೀರ್ಮಾನಿಸುವುದಕ್ಕೆ ನ್ಯಾಯಮಂಡಳಿಗಳು. ಮೊದಮೊದಲು ಅಲ್ಲಿಗೆ ವಕೀಲರು ಬರುವ ಹಾಗಿರಲಿಲ್ಲ. ಅಜ್ಜನಂಥ ಓದು ಬಾರದವರು ನೇರವಾಗಿ ನಿಂತು ಮಾತಾಡಬಹುದಿತ್ತು. ಇನ್ನೊಂದು ಕಡೆ 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಅದರಿಂದ ಹಿಂದುಳಿದ ಜಾತಿಗಳ ಎಷ್ಟೋ ಮನೆಯ ಮಕ್ಕಳಿಗೆ ಕಾಲೇಜು, ಸರ್ಕಾರಿ ಕೆಲಸದ ಬಾಗಿಲು ತೆರೆಯಿತು.

ಇದರ ಫಲ ಚುನಾವಣೆಯಲ್ಲೂ ಕಂಡಿತು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಕೊಂಡು ಹೋದಾಗ ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಬಂತು. 1978ರ ವಿಧಾನಸಭೆಯಲ್ಲಿ, ಹೊಸದಾಗಿ ಬಂದ ಕೈ ಗುರುತಿನಲ್ಲಿ, 224ರಲ್ಲಿ 149. ಅದೇ ವರ್ಷ ನವೆಂಬರಿನಲ್ಲಿ ಇಂದಿರಾ ಚಿಕ್ಕಮಗಳೂರಿಗೆ ಬಂದು ಗೆದ್ದು ಲೋಕಸಭೆಗೆ ಮರಳಿದರು. ಎದುರಿಗೆ ನಿಂತು ಸೋತವರು ಅದೇ ವೀರೇಂದ್ರ ಪಾಟೀಲರು.

ಅರಸರು ತಾನೇ ಬಲ, ದೆಹಲಿಯೇ ತನ್ನನ್ನು ಆತುಕೊಂಡಿದೆ ಅಂದುಕೊಂಡಿದ್ದರೆ ತಪ್ಪೇನಿಲ್ಲ. ನಾವಾದರೂ ಹಾಗೇ ಅಂದುಕೊಳ್ಳುತ್ತಿದ್ದೆವು. 1979ರಲ್ಲಿ ಇಬ್ಬರಿಗೂ ಕೆಟ್ಟಿತು. ಮುಖ್ಯಮಂತ್ರಿ, ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಎರಡೂ ಹುದ್ದೆ ಒಬ್ಬರಿಗೇ ಬೇಡ ಎನ್ನುವುದು ಹೊರಗೆ ಕಂಡ ಕಾರಣ. ಪಕ್ಷದಿಂದ ಹೊರಬಿದ್ದ ಅರಸರ ಜೊತೆ ಬಹುಪಾಲು ಶಾಸಕರು ಉಳಿದರು, ಸರ್ಕಾರವೂ ಉಳಿಯಿತು. 1969ರ ಚಿತ್ರವೇ, ಆದರೆ ಈ ಸಲ ಅರಸರು ವೀರೇಂದ್ರ ಪಾಟೀಲರ ಜಾಗದಲ್ಲಿ ನಿಂತಿದ್ದರು.

1980ರ ಜನವರಿಯ ಲೋಕಸಭೆ ಚುನಾವಣೆ. ಇಂದಿರಾ ಕಾಂಗ್ರೆಸ್ಸಿಗೆ 28ರಲ್ಲಿ 27. ಅರಸು ಪಕ್ಷಕ್ಕೆ ಒಂದೂ ಇಲ್ಲ. ಅರಸರು ರಾಜೀನಾಮೆ ಕೊಟ್ಟರು. ನಿನ್ನೆಯವರೆಗೆ ಅವರ ಹಿಂದಿದ್ದ ಶಾಸಕರು ಸಾಲಾಗಿ ಆ ಕಡೆ ಹೋದರು, ಜನವರಿ 12ಕ್ಕೆ ಗುಂಡೂರಾವ್ ಮುಖ್ಯಮಂತ್ರಿ. ಹೊಸ ಚುನಾವಣೆಯೂ ಬೇಕಾಗಲಿಲ್ಲ, ಅದೇ ವಿಧಾನಸಭೆ!

ಜಮೀನು ಸಿಕ್ಕ ಜನ ಕೃತಘ್ನರಾ? ನಾನೂ ಎಷ್ಟೋ ದಿನ ಅಜ್ಜಿಯ ಬಗ್ಗೆ ಹಾಗೇ ಅಂದುಕೊಂಡಿದ್ದೆ. ಈಗ ಇಲ್ಲ. ಅರಸು ನಮ್ಮ ಮನೆಗೆ ತಲುಪಿದ್ದು ಸರ್ಕಾರದ ಮೂಲಕ. ನ್ಯಾಯಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ನೇಮಕ ಮಾಡುವವರು ಬದಲಾದರೆ ನೇಮಕವಾದವರ ನಿಷ್ಠೆಯೂ ಬದಲಾಗುತ್ತದೆ. ಜಮೀನು ಪಡೆದವರು ವಾರಕ್ಕೊಮ್ಮೆ ಸೇರಿ ಮಾತಾಡುವ ಸಂಘವಾಗಲಿ, "ಇದು ನಾವು ಮಾಡಿದ್ದು" ಅಂತ ಹೇಳುವ ಕಾರ್ಯಕರ್ತನಾಗಲಿ ನಮ್ಮೂರಲ್ಲಿ ಇರಲಿಲ್ಲ. ಅಜ್ಜಿಗೆ ಕಂಡಿದ್ದು ಒಂದು ಮುಖ, ಒಂದು ಗುರುತು. ಆ ಮುಖ ಮತ್ತು ಗುರುತನ್ನು ಊರೂರಿಗೆ ಮುಟ್ಟಿಸಿದ್ದರಲ್ಲಿ ಅರಸರ ಪಾಲೇ ದೊಡ್ಡದು. ಬೆಳೆ ಬೆಳೆದವರು ಅವರು, ಚೀಲದ ಮೇಲಿನ ಹೆಸರು ಮಾತ್ರ ಬೇರೆಯವರದ್ದು.

ಹಾಗಾದರೆ ಊರಲ್ಲಿ ಬೇರು ಬಿಟ್ಟರೆ ಸಾಕಾ? ಅದೂ ಸಾಲದು ಅನ್ನುವುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇಲ್ಲೇ. ಮರುವರ್ಷ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಇಲ್ಲಿಂದಲೇ ಶಾಸಕರಾದರು. ಬೇರು ಗಟ್ಟಿಯಾಗಿತ್ತು, ಆದರೆ ಅದು ಕೆಲವು ತಾಲ್ಲೂಕುಗಳ ಬೇರು. ಸಮಾಜವಾದಿ ಪಕ್ಷ ಬೆಂಗಳೂರಿನಲ್ಲಿ ಸರ್ಕಾರ ಮಾಡುವಷ್ಟು ಹರಡಲೇ ಇಲ್ಲ. ಉಳುವವನಿಗೇ ಭೂಮಿ ಅಂತ ಕೂಗಿದವರು ಅವರು, ಕಾನೂನು ಜಾರಿ ಮಾಡಿದವರು ಅರಸು, ಓಟು ಸಿಕ್ಕಿದ್ದು ಇಂದಿರಮ್ಮನಿಗೆ!

ಇನ್ನು 1983. ರಾಜ್ಯದಲ್ಲಿ ಮೊದಲ ಬಾರಿ ಕಾಂಗ್ರೆಸ್ಸೇತರ ಸರ್ಕಾರ ಬಂದ ವರ್ಷ. ಜನತಾ ಪಕ್ಷ ಅಷ್ಟೊಂದು ಬಲವಾಗಿ ಬೆಳೆದಿತ್ತಾ? ಓಟಿನ ಲೆಕ್ಕ ನೋಡಿ: ಕಾಂಗ್ರೆಸ್ಸಿಗೆ ಶೇಕಡಾ 40ರಷ್ಟು, ಜನತಾ ಪಕ್ಷಕ್ಕೆ 33ರಷ್ಟು. ಆದರೆ ಸ್ಥಾನ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82. ಕಾಂಗ್ರೆಸ್ ಓಟು ರಾಜ್ಯದ ತುಂಬ ಚದುರಿತ್ತು, ಜನತಾದ ಓಟು ಬೀಳಬೇಕಾದಲ್ಲಿ ರಾಶಿಯಾಗಿ ಬಿತ್ತು. 18 ಸ್ಥಾನ ಗೆದ್ದ ಬಿಜೆಪಿ, ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು.

ಅದಕ್ಕೆ ಮುಂಚಿನ ಮೂರು ವರ್ಷ ಊರುಗಳಲ್ಲಿ ಓಡಾಡಿದವರು ಯಾರು? 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆದ ಮೇಲೆ ರೈತ ಸಂಘ ಕಟ್ಟಿದವರು. ದಲಿತ ಸಂಘರ್ಷ ಸಮಿತಿಯ ಹುಡುಗರು. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿದಾಗ ಬೀದಿಗೆ ಬಂದ ಜನ. ಇವರಲ್ಲಿ ಯಾರೂ ಜನತಾ ಪಕ್ಷದವರಲ್ಲ. ಆದರೆ ಸರ್ಕಾರದ ಮೇಲಿನ ಸಿಟ್ಟನ್ನು ಹಳ್ಳಿಯಿಂದ ಹಳ್ಳಿಗೆ ಹೊತ್ತವರು ಇವರೇ. ಜೊತೆಗೆ 1982ರ ಜೂನ್ 6ರಂದು ಅರಸು ತೀರಿಕೊಂಡ ಮೇಲೆ ಅವರ ಕ್ರಾಂತಿರಂಗ ಬಂಗಾರಪ್ಪನವರ ಮುಂದಾಳ್ತನದಲ್ಲಿ ಜನತಾ ಪಕ್ಷದ ಜೊತೆಗೂಡಿತ್ತು. ಅರಸು ಬದುಕಿದ್ದಾಗ ತಮ್ಮ ಪಕ್ಷಕ್ಕೆ ತಂದುಕೊಳ್ಳಲಾಗದ ಓಟು ಅವರು ಸತ್ತ ಏಳು ತಿಂಗಳಿಗೆ ಸ್ವಲ್ಪವಾದರೂ ಬಂತು.

ಎರವಲು ತಂದ ಬಲ ಎಷ್ಟು ದಿನ? 1984ರ ಡಿಸೆಂಬರಿನಲ್ಲಿ, ಇಂದಿರಾ ಹತ್ಯೆಯ ಬೆನ್ನಿಗೆ, ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ 28ರಲ್ಲಿ 24. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಗೊಂದು, ಬೆಂಗಳೂರಿಗೊಂದು ಅಂತ ಓಟು ಬೇರೆ ಮಾಡಲು ಜನರಿಗೆ ಗೊತ್ತಿತ್ತು. ನಜೀರ್ ಸಾಬರು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಅಂತ ಅಧಿಕಾರವನ್ನು ಊರಿಗೇ ತಂದರು. ಆದರೆ ಪಕ್ಷದೊಳಗೆ ಹೆಗಡೆ, ದೇವೇಗೌಡ, ಬೊಮ್ಮಾಯಿ ಅಂತ ಜಗಳ. ಪಕ್ಷ ಒಡೆಯಿತು, 1989ರ ಏಪ್ರಿಲಿನಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆಯಿತು. ಆ ವರ್ಷದ ಕೊನೆಯ ಚುನಾವಣೆಯಲ್ಲಿ ಜನತಾದಳಕ್ಕೆ 24, ಕಾಂಗ್ರೆಸ್ಸಿಗೆ 178. ಮುಖ್ಯಮಂತ್ರಿಯಾದವರು ಯಾರು ಅಂತೀರಿ? 1971ರಲ್ಲಿ 27ಕ್ಕೆ 27 ಸೋತಿದ್ದ ಅದೇ ವೀರೇಂದ್ರ ಪಾಟೀಲರು, ಈ ಸಲ ಇಂದಿರಮ್ಮನ ಪಕ್ಷದಿಂದ!

ಶಾಸಕರ ಲೆಕ್ಕ ಪೂರ್ತಿ ಸುಳ್ಳು ಅನ್ನಲಾರೆ. 2019ರಲ್ಲಿ ಶಾಸಕರ ರಾಜೀನಾಮೆಯಿಂದಲೇ ಸರ್ಕಾರ ಬಿತ್ತು, ಡಿಸೆಂಬರಿನ ಉಪಚುನಾವಣೆಯಲ್ಲಿ 15ರಲ್ಲಿ 12 ಕಡೆ ಬಿಜೆಪಿಯೇ ಗೆದ್ದಿತು. ಆದರೆ 2023ರಲ್ಲಿ ಅದೇ ಬಿಜೆಪಿ 66ಕ್ಕೆ ಇಳಿಯಿತು. ಶಾಸಕರಿಂದ ಸರ್ಕಾರ ಮಾಡಬಹುದು, ಪಕ್ಷ ಮಾಡಲು ಬರುವುದಿಲ್ಲ.

ನನಗನ್ನಿಸುವುದು ಇಷ್ಟೇ. ಒಂದು ಪಕ್ಷದ ಬಲ ಎಷ್ಟು ಅಂತ ತಿಳಿಯಬೇಕಾದರೆ ಅದರಿಂದ ಅಧಿಕಾರ ತೆಗೆದು ನೋಡಬೇಕು. ಆಗಲೂ ಊರಲ್ಲಿ ಯಾರು ಅದರ ಹೆಸರು ಹೇಳುತ್ತಾರೆ, ಯಾವ ಗುರುತು ಜನರಿಗೆ ನೆನಪಿರುತ್ತದೆ, ನಾಯಕರು ಒಟ್ಟಿಗೆ ಕೂರುತ್ತಾರಾ, ಅಷ್ಟೇ ಅದರ ನಿಜವಾದ ಆಸ್ತಿ. ಅರಸರಿಂದ ಅಧಿಕಾರ ತೆಗೆದಾಗ ಪಕ್ಷ ಉಳಿಯಲಿಲ್ಲ. ಅವರು ಕೊಟ್ಟ ಗದ್ದೆ ಮಾತ್ರ ಉಳಿಯಿತು.

ಆ ಕಾಗದಕ್ಕೆ ಈಗ ಲ್ಯಾಮಿನೇಷನ್ ಮಾಡಿಸಿದ್ದೇನೆ. ಅಜ್ಜಿಯ ಇಂದಿರಮ್ಮನನ್ನೂ ಎಸೆಯಲು ಮನಸ್ಸಾಗಲಿಲ್ಲ. ಎರಡನ್ನೂ ಅದೇ ಟ್ರಂಕಿನಲ್ಲಿಟ್ಟಿದ್ದೇನೆ, ಜಗಳ ಮುಂದುವರಿಯಲಿ ಅಂತ.

ನಿಮ್ಮ ಮನೆಯಲ್ಲೂ ಇಂಥ ಕಾಗದ, ಇಂಥ ಜಗಳ ಇದ್ದಿರಬೇಕಲ್ವಾ? ಹಿರಿಯರನ್ನು ಕೇಳಿ ನೋಡಿ, 1980ರಲ್ಲಿ ಯಾರಿಗೆ ಓಟು ಹಾಕಿದ್ರಿ, ಯಾಕೆ ಅಂತ. ಕೇಳಲು ಇನ್ನು ಬಹಳ ವರ್ಷ ಉಳಿದಿಲ್ಲ.