ಒಂದೇ ಕಲ್ಲು, ಎರಡು ದನಿ

1/5
ನೇರಳೆ ಮಾರ್ಗದ ಮೆಟ್ರೊ ಬೋರ್ಡ್ ಗಮನಿಸಿದ್ದೀರಾ? ವಿಜಯನಗರ, ಪಕ್ಕದಲ್ಲೇ ಅತ್ತಿಗುಪ್ಪೆ. ಒಂದು ಸಾಮ್ರಾಜ್ಯದ ಹೆಸರು, ಇನ್ನೊಂದು ಇಲ್ಲೇ ಇದ್ದ ಹಳ್ಳಿಯ ಹೆಸರು. ಹಳೇ ಕಲ್ಲುಗಳಲ್ಲೂ ಹೀಗೇ. ಆಳಿದವರ ದನಿ, ಊರವರ ದನಿ ಎರಡೂ ಒಟ್ಟಿಗೆ ಸಿಗುತ್ತವೆ. ಈ ಸರಣಿ ಅಂಥ ಕಲ್ಲುಗಳ ಬಗ್ಗೆ. ಮುಂದೆ ಸರಿಸಿ.

2/5
ಮೊದಲು ರೋಮ್. ತುಂಬಾ ದೂರ ಅನ್ಕೋಬೇಡಿ, 1891ರಲ್ಲಿ ನಮ್ಮ ಯಶವಂತಪುರದಲ್ಲೇ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ವು! ಇಲ್ಲಿಗೆ ಬಂದಿದ್ದು ನಾಣ್ಯ ಮಾತ್ರ. ರೋಮ್ ಆಳ್ವಿಕೆ ಹೋದ ಕಡೆ ಏನಾಯ್ತು?

ಬ್ರಿಟನ್‌ನ ಸೌತ್ ಶೀಲ್ಡ್ಸ್‌ನಲ್ಲಿ 1878ರಲ್ಲಿ ಒಂದು ಸಮಾಧಿಗಲ್ಲು ಸಿಕ್ತು. ಕ್ರಿ.ಶ. 2ನೇ ಶತಮಾನದ್ದು. ಅದು ರೆಜೀನಾ ಎಂಬಾಕೆಯದು. ಬ್ರಿಟನ್ನಿನ ಒಂದು ಬುಡಕಟ್ಟಿನವಳು, ಮೊದಲು ಗುಲಾಮಳಾಗಿದ್ದು ಬಿಡುಗಡೆ ಆದವಳು, 30ಕ್ಕೇ ತೀರಿಹೋದವಳು. ಗಂಡ ಬರಾಟೆಸ್ ಇವತ್ತಿನ ಸಿರಿಯಾದ ಪಾಲ್ಮೈರಾದವನು. ಕಲ್ಲಲ್ಲಿ ಅವಳು ಬೆತ್ತದ ಕುರ್ಚಿಯಲ್ಲಿ ನೂಲಿನ ಕದಿರು ಹಿಡಿದು ಕೂತಿದ್ದಾಳೆ. ಕೆಳಗೆ ಸಾಮ್ರಾಜ್ಯದ ಭಾಷೆ ಲ್ಯಾಟಿನ್‌ನಲ್ಲಿ ಹೆಸರು, ಕುಲ, ವಯಸ್ಸು. ಅದರ ಕೆಳಗೆ ಗಂಡನ ಊರಿನ ಲಿಪಿಯಲ್ಲಿ ಒಂದೇ ಸಾಲು. "ಅಯ್ಯೋ" ಅನ್ನೋ ಮಾತು ಇರೋದು ಆ ಸಾಲಲ್ಲಿ ಮಾತ್ರ. ವಿವರಕ್ಕೆ ಸರ್ಕಾರಿ ಭಾಷೆ, ಅಳೋದಕ್ಕೆ ತಾಯ್ನುಡಿ.

3/5
ಈಗ ನಮ್ಮ ಕಡೆ ಬನ್ನಿ. ಸತ್ತವರ ನೆನಪಿಗೆ ಕಲ್ಲು ನಿಲ್ಲಿಸೋದು ನಮ್ಮಲ್ಲಿ ಅಕ್ಷರಕ್ಕಿಂತ ಹಳೇ ಪದ್ಧತಿ. ಆಮೇಲೆ ಅದೇ ಕಲ್ಲಿಗೆ ರಾಜರ ಹೆಸರು, ಬಿರುದು, ವರ್ಷ ಸೇರಿಕೊಂಡವು. ವೀರಗಲ್ಲಲ್ಲಿ ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ದೇವಸ್ಥಾನದ ಶಿಲ್ಪದ ರೂಪಗಳೇ, ಆದರೆ ನಿಂತಿರೋದು ಊರ ಬಾಗಿಲಲ್ಲಿ, ಕೆರೆ ಏರಿ ಮೇಲೆ.

4/5
ನನಗೆ ತುಂಬಾ ಇಷ್ಟವಾದದ್ದು ಮಂಡ್ಯ ಜಿಲ್ಲೆಯ ಆತಕೂರು ಶಾಸನ. ಕಾಲ ಸುಮಾರು ಕ್ರಿ.ಶ. 949-50. ಒಂದು ಕಡೆ ಸಾಮ್ರಾಜ್ಯದ ದೊಡ್ಡ ಸುದ್ದಿ: ರಾಷ್ಟ್ರಕೂಟ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನ ಸೋಲಿಸಿದ, ಗಂಗ ಬೂತುಗ ಅವನ ಜೊತೆ ಕಾದಾಡಿದ. ಇನ್ನೊಂದು ಕಡೆ ಒಂದು ನಾಯಿ! ಬೂತುಗ ಮೆಚ್ಚಿ "ಏನು ಬೇಕು ಕೇಳು" ಅಂದಾಗ, ವೀರ ಮಣಲೇರ ಬೇಡಿದ್ದು ರಾಜನ ಬೇಟೆನಾಯಿ ಕಾಳಿಯನ್ನ. ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಅದಕ್ಕೆ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಪೂಜಾರಿ ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಅಂತ ಕಟ್ಟಳೆ ಬೇರೆ. ಯುದ್ಧದ ಗೆಲುವು ಅಷ್ಟು ದೊಡ್ಡದಿದ್ದರೂ ಕೆತ್ತನೆಯಲ್ಲಿ ಇರೋದು ನಾಯಿ ಮತ್ತು ಹಂದಿ.

5/5
ಸಾಮ್ರಾಜ್ಯ ಬಂದಾಗ ಊರಿನದ್ದೆಲ್ಲ ಅಳಿಸಿಹೋಗುತ್ತೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಈ ಕಲ್ಲುಗಳು ಬೇರೆಯೇ ಹೇಳುತ್ತವೆ: ಜನ ದೊಡ್ಡವರ ರೂಪ ತಗೊಂಡು ತಮ್ಮ ದುಃಖಾನೇ ಬರೆಸಿದ್ರು. ಅಳಿಸ್ತಾ ಇರೋದು ನಾವು. 2018ರಲ್ಲಿ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ತು. ಆಸಕ್ತರು ಗುರುತಿಸಿದ್ದಕ್ಕೆ ಅದು ಉಳೀತು, ಈಗ ಅದಕ್ಕೊಂದು ಮಂಟಪ ಇದೆ. ಯಾರೂ ಗುರುತಿಸದ ಕಲ್ಲು ಚರಂಡಿ ಚಪ್ಪಡಿ ಆಗಿಬಿಡಬಹುದು.

ಕಾಳಿಯ ಕಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ವಿಜಯನಗರದಿಂದ ಕಬ್ಬನ್ ಪಾರ್ಕ್‌ಗೆ ನೇರ ಮೆಟ್ರೊ. ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. ನಿಮ್ಮ ಅಜ್ಜಿ ಊರಲ್ಲಿ ಕೆತ್ತನೆ ಇರೋ ಕಲ್ಲು ಕಂಡ್ರೆ ಸುಣ್ಣ, ಬಣ್ಣ ಹಚ್ಚಬೇಡಿ. ಫೋಟೊ ತೆಗೆದು, ಜಾಗ ಬರೆದಿಟ್ಟು, ಊರ ಹಿರಿಯರಿಗೆ ತಿಳಿಸಿ. ಯಾವ ಊರು, ಏನು ಕೆತ್ತನೆ? ಕೆಳಗೆ ಬರೀರಿ.

#ವೀರಗಲ್ಲು #ಆತಕೂರು #ನಮ್ಮಇತಿಹಾಸ