ಋತುಬಂಧದ ನಂತರದ ಸಂಭೋಗ ನೋವು

ಮುಟ್ಟು ನಿಂತ ಮೇಲೆ ಸಂಭೋಗದ ವೇಳೆ ಯೋನಿದ್ವಾರದಲ್ಲಿ ಇಲ್ಲವೆ ಒಳಗೆ ಕಾಣಿಸಿಕೊಳ್ಳುವ ಉರಿ, ಬಿಗಿತ, ಚರ್ಮ ಹರಿದಂಥ ನೋವು. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ. ಭಾರತದ ಹೆಂಗಸರಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ, ಪಾಶ್ಚಾತ್ಯರಿಗಿಂತ ನಾಲ್ಕೈದು ವರ್ಷ ಮೊದಲೇ ಆಗುತ್ತದೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗೆ ಮೂವತ್ತೈದರಲ್ಲೇ ಇದು ಎದುರಾಗಬಹುದು, ಅದೂ ದಿಢೀರನೆ.

ನೋವಿನ ಮೂಲ ಹೆಚ್ಚಾಗಿ ಈಸ್ಟ್ರೋಜನ್ ಕೊರತೆ. ಯೋನಿಯ ಒಳಪದರವನ್ನು ದಪ್ಪವಾಗಿ, ಒದ್ದೆಯಾಗಿ, ಹಿಗ್ಗುವಂತೆ ಇಡುವುದು ಈ ಹಾರ್ಮೋನು. ಅದು ಇಳಿದಾಗ ಪದರ ಒಣಗಿ ತೆಳುವಾಗುತ್ತದೆ, ರಕ್ತಸಂಚಾರ ತಗ್ಗುತ್ತದೆ. ಅಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಕಡಿಮೆಯಾಗಿ, 3.8–4.5ರಷ್ಟಿದ್ದ ಪಿಎಚ್ 5 ದಾಟುತ್ತದೆ. ಮೂತ್ರನಾಳದ ಅಂಗಾಂಶಕ್ಕೂ ಇದೇ ಗತಿ. ಹಾಗಾಗಿ ಉರಿಮೂತ್ರ, ಪದೇಪದೇ ಸೋಂಕು, ಅವಸರದ ಮೂತ್ರ ಜೊತೆಗೂಡುತ್ತವೆ. 2014ರಲ್ಲಿ ತಜ್ಞರು ಇವೆಲ್ಲವನ್ನೂ ಒಂದೇ ಲಕ್ಷಣಕೂಟವಾಗಿ ಹೆಸರಿಸಿದರು. ಮೈ ಬಿಸಿಯೇರಿ ಬೆವರುವುದು ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುವುದುಂಟು. ಈ ಒಣಗುವಿಕೆ ಹಾಗಲ್ಲ, ಬಿಟ್ಟಷ್ಟೂ ಹೆಚ್ಚುತ್ತದೆ.

ಸುಮಾರು ಅರ್ಧದಷ್ಟು ಹೆಂಗಸರನ್ನು ಕಾಡುವ ತೊಂದರೆಯಾದರೂ ವೈದ್ಯರ ಮುಂದೆ ಬಾಯಿಬಿಡುವವರು ಕಡಿಮೆ. ‘ಮೊಮ್ಮಕ್ಕಳನ್ನು ಆಡಿಸೋ ಕಾಲಕ್ಕೆ ಇದೆಲ್ಲ ಯಾಕೆ’ ಎಂಬ ಮಾತಿಗೆ ಅಂಜಿ ಉರಿಮೂತ್ರವೊಂದನ್ನೇ ಹೇಳಿ, ಆಂಟಿಬಯೋಟಿಕ್ ಹಿಡಿದು ಮನೆಗೆ ಬರುತ್ತಾರೆ. ವೈದ್ಯರೂ ಕೇಳುವುದಿಲ್ಲ. ಇತ್ತ, ನೋವಿಗೆ ಹೆದರಿ ಹೆಂಡತಿ ದೂರ ಸರಿದರೆ ತನ್ನ ಮೇಲೆ ಆಸೆಯೇ ಇಲ್ಲವೆಂದು ಗಂಡ ತಿಳಿಯುತ್ತಾನೆ. ಹೇಗೋ ಸಹಿಸಿಕೊಂಡರಂತೂ ಮುಂದಿನ ಸಲ ನೋವಿನ ನಿರೀಕ್ಷೆಯಲ್ಲೇ ಕಟಿತಳದ ಸ್ನಾಯುಗಳು ಬಿಗಿದು ನೋವು ಇಮ್ಮಡಿಯಾಗುತ್ತದೆ. ಗಂಡನಿಗೆ ವಿಷಯ ತಿಳಿಸುವುದೂ ಚಿಕಿತ್ಸೆಯ ಭಾಗವೇ. ಮುದ್ದಿಗೆ, ಸ್ಪರ್ಶಕ್ಕೆ ಹೆಚ್ಚು ಹೊತ್ತು ಕೊಟ್ಟರೆ ಒದ್ದೆಯಾಗಲು ದೇಹಕ್ಕೆ ಸಮಯ ಸಿಗುತ್ತದೆ. ಅಂಗಾಂಶ ಸುಧಾರಿಸುವವರೆಗೆ ಪ್ರವೇಶವನ್ನೇ ಬಿಟ್ಟು ಸುಖ ಕಾಣುವುದರಲ್ಲಿ ಕೊರತೆಯೇನಿಲ್ಲ.

ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಎರಡು ವಸ್ತುಗಳನ್ನು ಜನ ಒಂದೇ ಎಂದು ಭಾವಿಸುತ್ತಾರೆ. ಲೂಬ್ರಿಕಂಟ್ ಸಂಭೋಗದ ಹೊತ್ತಿಗೆ ಮಾತ್ರ. ಯೋನಿಯ ಮಾಯಿಶ್ಚರೈಸರನ್ನು ಸಂಭೋಗವಿರಲಿ ಬಿಡಲಿ, ವಾರಕ್ಕೆ ಎರಡು ಮೂರು ಸಲ ಹಚ್ಚಬೇಕು. ಕೊಬ್ಬರಿ ಎಣ್ಣೆ ಬಳಸುವವರಿದ್ದಾರೆ, ಆದರೆ ಎಣ್ಣೆ ಲೇಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ. ಸುಗಂಧದ ಸೋಪು, ಆಂಟಿಸೆಪ್ಟಿಕ್ ದ್ರವಗಳಿಂದ ಒಳಗೆ ತೊಳೆಯುವುದು ಉರಿಗೆ ತುಪ್ಪ ಸುರಿದಂತೆ.

ಇವು ಸಾಲದಿದ್ದರೆ ಯೋನಿಯಲ್ಲಿಡುವ ಈಸ್ಟ್ರೋಜನ್. ಎಸ್ಟ್ರಿಯಾಲ್ ಕ್ರೀಮ್ ಭಾರತದಲ್ಲಿ ದೊರೆಯುತ್ತದೆ. ಸಾಮಾನ್ಯವಾಗಿ ಮೊದಲ ಎರಡು ಮೂರು ವಾರ ದಿನವೂ, ಆಮೇಲೆ ವಾರಕ್ಕೆರಡು ಸಲ ಬಳಸಲು ಹೇಳುತ್ತಾರೆ. ಗುಣ ಕಾಣಲು ಕೆಲವು ವಾರ, ಪೂರ್ತಿ ಫಲಕ್ಕೆ ಸುಮಾರು ಮೂರು ತಿಂಗಳು ಬೇಕು. ನಿಲ್ಲಿಸಿದರೆ ತೊಂದರೆ ಮರಳುತ್ತದೆ. ಹಾರ್ಮೋನು ಎಂದೊಡನೆ ಬೆಚ್ಚುವವರು ಗಮನಿಸಬೇಕಾದದ್ದು: ಕಡಿಮೆ ಪ್ರಮಾಣದ ಇದು ರಕ್ತಕ್ಕೆ ಸೇರುವುದು ಅತ್ಯಲ್ಪ, ಮಾತ್ರೆಯ ಹಾರ್ಮೋನು ಚಿಕಿತ್ಸೆಗೆ ಇದನ್ನು ಹೋಲಿಸಲಾಗದು. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಕ್ಯಾನ್ಸರ್ ತಜ್ಞರನ್ನು ಕೇಳದೆ ಮುಟ್ಟಬಾರದು. ಇದೇ ನೋವಿಗೆಂದು ಅಮೆರಿಕದಲ್ಲಿ ಆಸ್ಪೆಮಿಫೀನ್ ಮಾತ್ರೆಗೆ 2013ರಲ್ಲಿ, ಯೋನಿಯಲ್ಲಿಡುವ ಪ್ರಾಸ್ಟೆರಾನ್‌ಗೆ 2016ರಲ್ಲಿ ಅನುಮತಿ ಸಿಕ್ಕಿತು. ಯೋನಿಗೆ ‘ಯೌವನ ಮರಳಿಸುವ’ ಲೇಸರ್ ಚಿಕಿತ್ಸೆಗೆ ಹಣ ಸುರಿಯುವ ಮುನ್ನ, ಅದರ ವಿರುದ್ಧ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದ್ದನ್ನು ನೆನೆಯುವುದು ಒಳಿತು.

ಬಿಗಿದ ಸ್ನಾಯುಗಳನ್ನು ಕ್ರೀಮ್ ಸಡಿಲಿಸದು. ಅದಕ್ಕೆ ಕಟಿತಳದ ಫಿಸಿಯೋಥೆರಪಿ, ಕ್ರಮೇಣ ಗಾತ್ರ ಹೆಚ್ಚುವ ಡೈಲೇಟರ್‌ಗಳು ಬೇಕಾಗುತ್ತವೆ.

ಎಲ್ಲ ನೋವಿಗೂ ಒಣಗುವಿಕೆಯೇ ಕಾರಣವಲ್ಲ. ಬಿಳಿಚಿದ, ವಿಪರೀತ ತುರಿಸುವ ಚರ್ಮ ಬೇರೆ ರೋಗದ ಲಕ್ಷಣವಿರಬಹುದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಅದು ಸಂಭೋಗದಿಂದಲೇ ಆದದ್ದೆನಿಸಿದರೂ, ಗರ್ಭಕೋಶದ ಕ್ಯಾನ್ಸರ್ ಇಲ್ಲವೆಂದು ಸ್ತ್ರೀರೋಗ ತಜ್ಞರಿಂದ ಖಚಿತಪಡಿಸಿಕೊಳ್ಳಬೇಕು.